ಖಾಲಿ ಡಬ್ಬ

ಸಂಸತ್ತಿನ ಗೇಟಿನಲ್ಲಿ ಕಾವಲುಗಾರ ತಡೆದ:
"ಡಬ್ಬದಲ್ಲಿ ಏನಿದೆ?"
"ಏನೂ ಇಲ್ಲ."
"ಮತ್ತೆ ಯಾಕೆ ಹೊತ್ತು ತಂದೆ?"
"ಅದನ್ನೇ ಹೇಳಲಿಕ್ಕೆ."

ತೆರೆದು ನೋಡಿದ, ತಲೆಕೆಳಗು ಮಾಡಿ ಬಡಿದ.
ಬಿದ್ದದ್ದು ಒಂದು ಜಿರಲೆಯ ರೆಕ್ಕೆ.
ಒಳಗೆ ಬಿಟ್ಟ.

ನ್ಖೋಟಕೋಟದಿಂದ ಲಿಲೊಂಗ್ವೆಗೆ
ನಸುಕಿನ ಮಿನಿಬಸ್ಸು. ಅವಳ ತೊಡೆಯ ಮೇಲೆ ಡಬ್ಬ,
ಪಕ್ಕದವಳ ತೊಡೆಯ ಮೇಲೆ ಕೋಳಿ.
ತಮಂದಾನಿ ಕಂಬಲಾಮೆ, ದಾದಿ,
ಹದಿನಾರು ವರ್ಷದ ಸರ್ವೀಸು.
ಇವತ್ತು ಅವಳ ಪಾಲಿಗೆ ಬಂದದ್ದು ಐದು ನಿಮಿಷ.

ಮೂರು ತಿಂಗಳಿಗೊಂದು ಸೂಜಿ. ಅದು ಈ ಡಬ್ಬದಲ್ಲಿ ಬರುತ್ತಿತ್ತು.
ಗಂಡನಿಗೆ ಕಾಣದಂತೆ ಒಲೆಯ ಹಿಂದಿನ ಸಂದಿಯಲ್ಲಿ
ಮಡಿಸಿಟ್ಟ ಹಳದಿ ಕಾರ್ಡು, ಅದರಲ್ಲಿ ಮುಂದಿನ ತಾರೀಕು.
ತಾರೀಕು ತಪ್ಪದೆ ಬಂತು.
ಲಾರಿ ಬರಲಿಲ್ಲ.

ಶಮೀಮು ಬಂದಿದ್ದಳು. ಇಪ್ಪತ್ತೆರಡು ವಯಸ್ಸು,
ಬೆನ್ನಿಗೊಂದು ಮಗು, ಕೈಗೊಂದು ಮಗು,
ಕೈಯಲ್ಲಿ ಒಣಗಿಸಿದ ಸಣ್ಣಮೀನಿನ ವಾಸನೆ.
ಮುಂದಿನ ವಾರ ಬಾ, ಅಂದೆವು.
ಬಂದಳು.
ಮುಂದಿನ ವಾರ ಬಾ.
ಬಂದಳು. ಆ ಸಲ ಕೂತುಕೊಳ್ಳಲೂ ಇಲ್ಲ,
ನನ್ನ ಮುಖ ನೋಡಿಯೇ ತಿರುಗಿದಳು.

ಜೂನಿನಲ್ಲಿ ಬಂದದ್ದು ಸೈಕಲ್ಲಿನ ಹಿಂದೆ,
ಚಿತೆಂಜೆ ಬಟ್ಟೆ ತೊಯ್ದು ಚಕ್ರಕ್ಕೆ ಸುತ್ತಿಕೊಂಡಿತ್ತು.
ಮರಗೆಣಸಿನ ಕಡ್ಡಿಯ ಸುದ್ದಿ ಯಾರೂ ಎತ್ತಲಿಲ್ಲ.
ವಹಿಯಲ್ಲಿ 'ಕಾರಣ' ಎಂಬ ಕಾಲಮ್ಮು ಬೆರಳಗಲ;
'ರಕ್ತಸ್ರಾವ' ಎಂದು ಬರೆದೆ.
ಅಷ್ಟೇ ಹಿಡಿಯಿತು.

ಇದನ್ನೆಲ್ಲ ಹೇಳುವಷ್ಟರಲ್ಲಿ
ಅಧ್ಯಕ್ಷರು ಗಡಿಯಾರ ನೋಡಿದರು.

ಟೈಯಲ್ಲಿ ಚಿನ್ನದ ಪಿನ್ನಿದ್ದವರು ಎದ್ದರು:
"ಹೆಣ್ಣುಮಕ್ಕಳು ಕೊಂಚ ಸಂಯಮ ಕಲಿತರೆ..."
"ಗಂಡಸರ ಸಂಯಮಕ್ಕೆ ಮಾನ್ಯರೇ,
ಬಜೆಟ್ಟಿನ ಯಾವ ಪುಟದಲ್ಲಿ ಹಣ ಇಟ್ಟಿದ್ದೀರಿ?"
ಟೈಪಿಸ್ಟ್ ಹುಡುಗಿಯ ಬೆರಳು ನಿಂತಿತು.
ಇದನ್ನು ಕಡತಕ್ಕೆ ಹಾಕಬೇಕೋ ಬೇಡವೋ ಎಂದು
ಅತ್ತಿತ್ತ ನೋಡಿ,
ಹಾಕಿದಳು.

ಹುಟ್ಟದ ಕೂಸಿಗೆ ಕುಲಾವಿ ಹೊಲಿಯಲು
ಈ ಕೋಣೆಯಲ್ಲಿ ಎಷ್ಟೊಂದು ಸೂಜಿ!
ಹೊರುವವಳ ತೋಳಿಗೆ ಒಂದೂ ಇಲ್ಲ.

ಇನ್ನೊಬ್ಬರು ಮೃದುವಾಗಿಯೇ ಹೇಳಿದರು:
"ಕಾನೂನು ಇದೆಯಲ್ಲಮ್ಮ. ತಾಯಿಯ ಪ್ರಾಣ ಉಳಿಸಲು ಮಾತ್ರ
ಅವಕಾಶ ಇದ್ದೇ ಇದೆ."
ಪ್ರಾಣ ಹೋಗುತ್ತಿದೆ ಎಂದು ಯಾವ ಗಳಿಗೆಯಿಂದ ಎಣಿಸಲಿ?
ಜ್ವರ ಮೂವತ್ತೊಂಬತ್ತಾದಾಗಲೋ, ನಲವತ್ತಾದಾಗಲೋ?
ತುಟಿ ಬಿಳುಪಾದಾಗಲೋ,
ಮಕ್ಕಳ ಹೆಸರು ಅದಲುಬದಲು ಕರೆದಾಗಲೋ?
ಡಾಕ್ಟರರ ಸಹಿ ಬೇಕು; ಡಾಕ್ಟರು ಇನ್ನೊಂದು ಜಿಲ್ಲೆಯಲ್ಲಿ.
ನಿಮ್ಮ ಪುಸ್ತಕದಲ್ಲಿ 'ಮಾತ್ರ' ಇದೆ,
ನನ್ನ ಕಪಾಟಿನಲ್ಲಿ ಮಾತ್ರೆ ಇಲ್ಲ.
ನಡುವೆ ಒಂದೇ ಒಂದು ಏತ್ವ.
ಅಷ್ಟು ಕಿರಿದಾದ ಸಂದಿಯಲ್ಲಿ
ಒಂದು ಇಡೀ ಹೆಂಗಸು ಜಾರಿಹೋಗುತ್ತಾಳೆ.

ಆ ಪದ ತೆಗೆಯಿರಿ.
'ಪ್ರಾಣ'ದ ಪಕ್ಕದಲ್ಲಿ 'ಆರೋಗ್ಯ' ಎಂದು ಸೇರಿಸಿ.
ಲಾರಿಗೆ ಡೀಸೆಲ್ಲು ಹಾಕಿಸಿ.
ನಾನು ತಂದ ಬೇಡಿಕೆ ಇಷ್ಟೇ,
ಇದಕ್ಕೆ ಐದು ನಿಮಿಷವೂ ಬೇಕಿರಲಿಲ್ಲ.

ಮುಂದಿನ ಅಧಿವೇಶನಕ್ಕೆ ಎಂದರು.
ಚಹಾ ಬಂತು. ಡಬ್ಬ ಮೇಜಿನ ಮೇಲೇ ಉಳಿಯಿತು,
ಯಾರೋ ಅದರ ಮೇಲೆ ಸಾಸರು ಇಟ್ಟರು.

ಹೊರಗೆ ಜಕರಂಡ ಉದುರಿ ಸಿಮೆಂಟೆಲ್ಲ ನೀಲಿ.
ಗೇಟಿನಲ್ಲಿ ಅದೇ ಕಾವಲುಗಾರ.
"ಡಬ್ಬ ಎಲ್ಲಿ?"
"ಒಳಗಿದೆ."
ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ
ಟೋಪಿಯ ಒಳಮಡಿಕೆಯಿಂದ ತೆಗೆದ ಹಳದಿ ಕಾರ್ಡು.
ಅವಳೇ ಕೊಟ್ಟು ಕಳಿಸಿದ್ದಂತೆ, ಕೇಳಿ ಬಾ ಎಂದು.
"ನನ್ನ ಹೆಂಡತಿದು, ಅಕ್ಕ. ನಮ್ಮ ಏರಿಯಾದಲ್ಲೂ ಇಲ್ಲ ಅಂತಾರೆ.
ನಿಮ್ಮ ಕಡೆ ಸಿಗುತ್ತದೆಯೇ?"

ತಾರೀಕು ನೋಡಿದಳು.
ಹನ್ನೊಂದು ದಿನ ದಾಟಿತ್ತು.
ಕಾರ್ಡನ್ನು ಬೆಳಕಿಗೆ ಹಿಡಿದು, ಮತ್ತೆ ಮಡಿಸಿ,
ಅವನ ಕೈಗಿಡದೆ
ಸ್ವಲ್ಪ ಹೊತ್ತು ಹಾಗೇ ನಿಂತಳು.
ಮಿನಿಬಸ್ಸಿನ ಹುಡುಗ ನ್ಖೋಟಕೋಟ, ನ್ಖೋಟಕೋಟ ಎಂದು
ಕೂಗುತ್ತಲೇ ಇದ್ದ.