ಬೆನ್ನು

ರಣದಲ್ಲಿ ಬೆನ್ನು ತೋರಿಸಿದವನು ಹೇಡಿ ಅನ್ನುತ್ತಾರೆ.
ವುಕಾಶಿನ್, ಹನ್ನೊಂದು ವರ್ಷ ನೀನು
ನನಗೆ ಬೆನ್ನನ್ನಷ್ಟೇ ತೋರಿಸಿದೆ.

ಮುಖ ಗೊತ್ತಿರಲಿಲ್ಲವೆಂದಲ್ಲ. ಬಸ್ಸಿನಲ್ಲಿ, ಬಚ್ಚಲಲ್ಲಿ,
ನಿನ್ನ ಮದುವೆಯಲ್ಲಿ (ಆ ಟೈ ನನ್ನದು) ನೋಡಿದ್ದೆ.
ಆದರೆ ಗೋಲಿನ ಬಾಯಲ್ಲಿ ನಿಂತವನಿಗೆ
ನೀನೆಂದರೆ ಒಂದು ಅಂಕಿ: ಐದು.
ನಿನ್ನಮ್ಮ ಕೈಯಾರೆ ಹೊಲಿದದ್ದು, ಎಡಕ್ಕೆ ತುಸು ವಾಲಿದ್ದು,
ಒದ್ದೆಯಾದರೆ ಬಣ್ಣ ಬಿಟ್ಟು ಸೊಂಟದವರೆಗೆ ಇಳಿಯುತ್ತಿದ್ದದ್ದು.

ತಿಸಾ ನದಿಯ ಮಂಜು ಏರಿ ಬಂದ ಭಾನುವಾರಗಳಲ್ಲಿ
ಐದೂ ಇಲ್ಲ, ಆರೂ ಇಲ್ಲ.
ಬೂಟಿನಡಿ ಕೆಸರು ಕಿತ್ತು ಬರುವ ಸದ್ದು,
ಆಮೇಲೆ ಒಂದು ಕೂಗು: ಮೋಯಾ!
ಅಂದರೆ, ನನ್ನದು.

ನನ್ನ ಮನೆಮಾತು ಹಂಗೇರಿಯನ್, ನಿನ್ನದು ಸರ್ಬಿಯನ್.
ಆ ವರ್ಷಗಳಲ್ಲಿ ಜನ ನಕ್ಷೆ ಬಿಡಿಸಿಟ್ಟು
ಊರಿಗೆ, ಸೇತುವೆಗೆ, ಸತ್ತವರ ಗೋರಿಗೆ ಬೆರಳಿಟ್ಟು
ನನ್ನದು ನನ್ನದು ಅನ್ನುತ್ತಿದ್ದರು.
ನಾವು ಚೆಂಡಿಗೆ ಮಾತ್ರ ಅಂದೆವು,
ಅದೂ ಒದ್ದು ಕಳಿಸುವುದಕ್ಕೆ.

ಸಂಬಳದ ನೋಟಿನಲ್ಲಿ ಸೊನ್ನೆಗಳು ತುಂಬಿ
ಒಂದು ಬ್ರೆಡ್ಡೂ ಬಾರದಾದಾಗ
ಕಾರ್ಖಾನೆ ಸಕ್ಕರೆ ಕೊಟ್ಟಿತು, ತಲೆಗೆ ಹತ್ತು ಕಿಲೊ.
ಮೂಟೆ ಹೆಗಲಿಗೇರಿಸಿ ಪಾಪ್ಲರ್ ಸಾಲಿನಲ್ಲಿ ನಡೆದೆ ನೀನು.
ಅವತ್ತೂ ನಾನು ಹಿಂದೆಯೇ ಇದ್ದೆ.
ಚೀಲ ಎಲ್ಲೋ ತೂತಾಗಿತ್ತು;
ಗುಬ್ಬಿಗಳು ನಿನ್ನನ್ನು ಮನೆಯವರೆಗೆ ಬಿಟ್ಟುಬಂದವು.

ಈಗ ಆ ಗೋಲಿನ ವಿಷಯ.
ಎಂಬತ್ತೆಂಟನೆಯ ನಿಮಿಷ, ಸ್ಕೋರು ಸಮ,
ಗೆದ್ದರೆ ಮೇಲಿನ ದರ್ಜೆ.
ಎಡಗಡೆಯಿಂದ ತೇಲಿ ಬಂದ ಚೆಂಡು ನನ್ನದಾಗಿತ್ತು, ವುಕಾಶಿನ್.
ನನ್ನದೇ. ಎರಡು ಹೆಜ್ಜೆ, ಎರಡು ಕೈ.
ಬಾಯಿ ತೆರೆದೆ. ಶಬ್ದ ಹೊರಡಲಿಲ್ಲ.
ನೀನು ಕಾಲು ಚಾಚಿದೆ; ಮೊಣಕಾಲಿಗೆ ತಾಗಿ ಹಿಂದಕ್ಕೆ ಚಿಮ್ಮಿ
ಚೆಂಡು ನನ್ನ ಬಗಲಲ್ಲೇ ಒಳಗೆ ಹೋಯಿತು,
ಮನೆಯ ಬೆಕ್ಕು ಹೋಗುವ ಹಾಗೆ.
ನೀನು ತಿರುಗಿ ನೋಡಲಿಲ್ಲ.
ಐದು ಒಮ್ಮೆ ನಡುಗಿತು, ಅಷ್ಟೆ.

ಪತ್ರಿಕೆ ನಿನ್ನ ಹೆಸರು ಬರೆಯಿತು. ಓದಿದೆ.
ಮುದುರಿ ಬೂಟಿನೊಳಗೆ ತುರುಕಿದೆ, ಒದ್ದೆ ಹೀರಲೆಂದು.

ಆಮೇಲೆ ಸೈಪ್ರಸ್, ಎರಡು ಚಳಿಗಾಲ; ಆಮೇಲೆ ಹಂಗೇರಿ
(ನನ್ನ ಭಾಷೆಯ ಬೈಗುಳ ಕಲಿತು ಕಾರ್ಡು ಬರೆದೆ, ಕಾಗುಣಿತ ತಪ್ಪು);
ಮೊಣಕಾಲು, ಆಪರೇಷನ್, ಮತ್ತೆ ಅದೇ ಮೊಣಕಾಲು.
ಕೋಚ್ ಆದೆ. ಸೊಂಬೋರಿನಲ್ಲಿ ಏಳೇ ಪಂದ್ಯಕ್ಕೆ ತೆಗೆದರು.
ಜೋರ್ಡಾನಿನಲ್ಲಿ ಸಂಬಳದ ಬದಲು ಖರ್ಜೂರ ಕೊಟ್ಟರು.
ಮತ್ತೆ ಸಿಹಿಯೇ, ಎಂದು ನಕ್ಕೆಯಂತೆ.

ಈಗ ಇಲ್ಲೇ, ಹದಿಮೂರರ ಹುಡುಗರಿಗೆ.
ನಾನು ಮೈದಾನಕ್ಕೆ ಸುಣ್ಣದ ಗೆರೆ ಎಳೆಯುವವನು.
ನೀನು ಗೆರೆಯಾಚೆ ನಿಲ್ಲುತ್ತಿ, ನನ್ನತ್ತ ಮುಖ ಮಾಡಿ.
ಎಷ್ಟು ಮುದುಕನಾಗಿದ್ದೀಯ ಮಾರಾಯ.

ನಿನ್ನೆ ಕೀಪರ್ ಹುಡುಗ ಕೂಗದೆ ನಿಂತ. ಗೋಲು.
ಮುಂದಿದ್ದ ಪೋರ ತಿರುಗಿ ಅವನತ್ತ ಬೆರಳು ತೋರಿಸಿದ.
ಸೀಟಿ ಊದಿ, ಕುಂಟುತ್ತ ಹೋಗಿ,
ನೀನು ಆ ಬೆರಳನ್ನು ಹಿಡಿದು ಮೆಲ್ಲಗೆ ಮಡಚಿದೆ.
"ಅವನು ಕೂಗದಿದ್ದರೂ ಚೆಂಡು ನಿನ್ನದೇ" ಅಂದೆ.

ನನ್ನ ಗಾಡಿ ಅಲ್ಲೇ ಸೊಟ್ಟಗಾಯಿತು.
ಗೊತ್ತಿತ್ತೇ ನಿನಗೆ, ಇಷ್ಟು ವರ್ಷ?
ಕೇಳಬೇಕೆಂದು ಬಾಯಿ ತೆರೆದೆ.
ನೀನು ಬಂದು, ಸುಣ್ಣದ ಕಡೆ ಬಗ್ಗಿ ನೋಡಿ,
"ಬಾಲಿಂಟ್, ಈ ಸೊಟ್ಟ ಗೆರೆ ಯಾರದು?" ಅಂದೆ.

ಮೋಯಾ, ಅಂದೆ.
ಸ್ವಲ್ಪ ಜೋರಾಗಿಯೇ ಅಂದೆನೇನೋ,
ಹುಡುಗರೆಲ್ಲ ತಿರುಗಿ ನೋಡಿದರು.