ಅರ್ಧ ಸ್ವರ ಮೇಲೆ

ಬೀದರದ ಮಂಗಲಪೇಟೆ, ಮಾರ್ಥಕ್ಕನ ಕಪಾಟಿನಲ್ಲಿ
ಒಂದೇ ಪಿಯಾನೊ ಕಾನ್ಸರ್ಟೊ,
ನಾಲ್ಕು ಮಂದಿ ನುಡಿಸಿದ್ದು.

ಒಬ್ಬನಿಗೆ ಅವಸರ.
"ಹುಮನಾಬಾದ್ ಬಸ್ಸು ಹಿಡಿಯೋನಂಗ ಬಾರಿಸ್ತಾನ."
ಇನ್ನೊಬ್ಬಾಕೆ ಪ್ರತಿ ಸ್ವರವನ್ನೂ ತೊಳೆದು, ಒರೆಸಿ ಇಡುತ್ತಾಳೆ;
ಕೇಳಿ ಮುಗಿದ ಮೇಲೆ
ಮನೆಯಲ್ಲಿ ಏನೂ ಉಳಿಯುವುದಿಲ್ಲ.
ಮೂರನೆಯದಕ್ಕೆ ಅಕ್ಕ ಬರೇ ಕೈ ಅಲ್ಲಾಡಿಸಿದಳು.

ನಾಲ್ಕನೆಯದು ಕ್ಯಾಸೆಟ್ಟು.
ಆಸ್ಪತ್ರೆ ಕ್ವಾರ್ಟರ್ಸಿನಲ್ಲಿ, ವೋಲ್ಟೇಜು ಬಿದ್ದ ಸಂಜೆ,
ರೇಡಿಯೊ ಎದುರು ಟೇಪ್ ಇಟ್ಟು
ತಮ್ಮ ತುಂಬಿಸಿಕೊಟ್ಟದ್ದು.
ಆವತ್ತು ಸಾವಕಾಶ ಓಡಿದ ಟೇಪು
ಈಗ ಹಚ್ಚಿದರೆ ಅರ್ಧ ಸ್ವರ ಮೇಲೆ,
ಪಿಯಾನೊ ತುಸು ಎಳೇ ಹುಡುಗಿ.
ನಿಧಾನದ ಭಾಗದಲ್ಲಿ, ಕೊಳಲು ಉಸಿರು ಬಿಟ್ಟ ಕಡೆ,
ಅವ್ವನ ಕುಕ್ಕರಿನ ಒಂದು ಸೀಟಿ.

"ಶ್ರುತಿ ತಪ್ಪ್ಯಾದಲ್ಲ ಅಕ್ಕಾ," ಅಂದೆ.

"ಹೌದು," ಅಂದಳು.
"ಉಳಿದ ಮೂರೂ ಇಳದಾವ."