ಒಳಹೊಲಿಗೆ

ಕೋಡಿಬಾಗ ರಸ್ತೆಯ ಈ ಅಂಗಡಿಯಲ್ಲಿ ಕೂತು
ಮೂವತ್ತೊಂದು ವರ್ಷ ಊರಿನ ಸೊಂಟ ಅಳೆದವನು ನಾನು.
ಟೇಪು ಸುತ್ತುವಾಗ ಎಲ್ಲರೂ ಉಸಿರು ಒಳಗೆಳೆಯುತ್ತಾರೆ,
ಪೊಲೀಸರು, ಭಟ್ಟರು, ಬ್ಯಾಂಕಿನ ಮ್ಯಾನೇಜರು.
ನಾನು ಮೆಲ್ಲಗೆ ಮಾತು ತೆಗೆಯುತ್ತೇನೆ:
ಮಗಳ ಪರೀಕ್ಷೆ ಹೇಗಾಯಿತು?
ಉತ್ತರಿಸಲು ಬಿಟ್ಟ ಉಸಿರಲ್ಲಿ ನಿಜವಾದ ಅಳತೆ ಸಿಗುತ್ತದೆ.
ಪುಸ್ತಕದಲ್ಲಿ ಬರೆಯುವುದು ಅದನ್ನು,
ಬಾಯಲ್ಲಿ ಹೇಳುವುದು ಒಂದಿಂಚು ಕಮ್ಮಿ.

ನನ್ನದನ್ನು ಮಾತ್ರ ಎಲ್ಲೂ ಬರೆದಿರಲಿಲ್ಲ.
ಪ್ಯಾಂಟು ಬಿಗಿಯಾದಾಗ ಅಂಗಡಿ ಮುಚ್ಚಿ, ದೀಪ ಸಣ್ಣ ಮಾಡಿ
ಹಿಂದಿನ ಹೊಲಿಗೆ ಬಿಚ್ಚಿದೆ. ಅರ್ಧ ಇಂಚು. ಮತ್ತರ್ಧ.
ಒಳಗೆ ಮಡಚಿಟ್ಟ ಬಟ್ಟೆ ಬಿಸಿಲು ಕಂಡದ್ದಲ್ಲ,
ಬೆನ್ನ ಕೆಳಗೆ ಹೊಸ ಬಣ್ಣದ ಪಟ್ಟೆಯಾಗಿ ಹೊಳೆಯಿತು.
ಅಂಗಿ ಹೊರಗೆ ಬಿಟ್ಟುಕೊಂಡೆ.

ನಾವು ನಾಮದೇವ ಶಿಂಪಿಗಳು, ತುಳಸಿಮಾಲೆಯ ಮನೆ.
ಬೈತಖೋಲದಲ್ಲಿ ಬಂಗಡೆ ಬುಟ್ಟಿಬುಟ್ಟಿ ಸುರಿದರೂ
ನಮ್ಮ ಒಲೆಗೆ ಅದರ ವಾಸನೆ ಗೊತ್ತಿಲ್ಲ.
ಮೀನು ಮುಟ್ಟದವನಿಗೆ ಎಂಥ ಬೊಜ್ಜು ಎಂದುಕೊಂಡಿದ್ದೆ,
ಶೇಂಗಾ ಚಟ್ನಿಗೆ ಎಣ್ಣೆಯ ಹೊಂಡ ತೋಡುತ್ತ,
ಎರಡನೇ ಸಲದ ಅನ್ನಕ್ಕೆ ಮಜ್ಜಿಗೆ, ಮೂರನೆಯದಕ್ಕೆ ನೆಪ,
ಸಂಜೆ ಬನ್ನು-ಭಾಜಿ,
ದಿನಕ್ಕೆ ಐದು ಚಹ, ಒಂದೊಂದಕ್ಕೂ ಎರಡು ಚಮಚ.
ಪಕ್ಕದ ಜಗಲಿಯಲ್ಲಿ ಬಲೆ ಹೆಣೆಯುವ ಪಾಂಡು ತಾಂಡೇಲ
ಎರಡು ಹೊತ್ತೂ ಮೀನು ತಿಂದು ಬೆತ್ತದ ಹಾಗಿದ್ದ.
“ಮಾಸ್ತರ, ಪುಣ್ಯ ಎಲ್ಲ ಹೊಟ್ಟೆಯಲ್ಲೇ ಇಟ್ಟಿದ್ದೀರಿ” ಎಂದು ನಕ್ಕ.

ಮಿಷನ್ನಿನ ಹಲಗೆಗೆ ಹೊಟ್ಟೆ ತಾಗಿದ ದಿನ
ಸೂಜಿ ನನ್ನಿಂದ ನಾಲ್ಕು ಬೆರಳು ದೂರ ಹೋಗಿತ್ತು.

ಮೊದಲು ಹಟ. ಏಕಾದಶಿಯ ಉಪವಾಸವನ್ನು
ಹನ್ನೊಂದು ದಿನಕ್ಕೆ ಎಳೆಯಹೊರಟೆ,
ಲಿಂಬೆನೀರು, ಲಿಂಬೆನೀರು, ಮತ್ತೆ ಲಿಂಬೆನೀರು.
ಒಂಬತ್ತನೆಯ ದಿನ ಕಣ್ಣು ಕತ್ತಲಾಗಿ ಕತ್ತರಿ ಜಾರಿತು,
ಮದುಮಗನ ಕೋಟಿನ ಬಟ್ಟೆ ಎದೆಯ ನಡುವೆ ಸೀಳಿತು.
ಹಗುರಾದದ್ದು ಗಲ್ಲಾಪೆಟ್ಟಿಗೆ.

ಡಾಕ್ಟರ್ ಪೆಡ್ನೇಕರಬಾಯಿ ಕನ್ನಡಕದ ಮೇಲಿಂದ ಬೈದರು:
“ಉಪವಾಸ ಸಾಕು. ಉಣ್ಣಲಿಕ್ಕೆ ಕಲಿಯಿರಿ.”

ಐವತ್ತೆಂಟಕ್ಕೆ ಉಣ್ಣಲಿಕ್ಕೆ ಕಲಿಯುತ್ತಿದ್ದೇನೆ.
ಬೆಳಿಗ್ಗೆ ಆರಕ್ಕೆ ಕಡಲದಂಡೆಯ ಒದ್ದೆ ಮರಳು;
ನನ್ನ ಹಿಮ್ಮಡಿ ಊರಿದ ಗುಂಡಿಗೆ
ಏಡಿಮರಿಯೊಂದು ಬಿದ್ದು ಬೈಯುತ್ತ ಹತ್ತಿತು.
ಬರುವ ದಾರಿಯಲ್ಲಿ ಬುದ್ವಂತಿ ಗೌಡಳ ಬುಟ್ಟಿ:
ಹರಿವೆ, ಬಸಳೆ, ಎಳೆ ಬೆಂಡೆ, ಒಂದು ಮೊಗೆಕಾಯಿ.
ಕೊರಳ ಮಣಿಸರ ಸರಿಸಿಕೊಂಡು ಕೇಳುತ್ತಾಳೆ,
“ಮನೇಲಿ ಆಕಳು ಕಟ್ಟಿದ್ರಾ?”
ಹೌದು ಎನ್ನುತ್ತೇನೆ.

ಲೈನಿಂಗಿನ ತುಂಡಿನಲ್ಲಿ ಹುರುಳಿ ಕಟ್ಟಿ ತೂಗುಹಾಕುತ್ತಾಳೆ ರುಕ್ಮಾ,
ಎರಡನೇ ದಿನ ಬಟ್ಟೆಯ ಎಳೆಗಳ ನಡುವಿಂದ
ಬಿಳಿ ಮೊಳಕೆ ಸೂಜಿ ದಾಟಿಸಿದ ಹಾಗೆ ಇಣುಕುತ್ತದೆ.
ಅರ್ಧ ತಟ್ಟೆ ಪಲ್ಯ, ಗಟ್ಟಿ ತೊವ್ವೆ, ಒಂದೇ ಬಟ್ಟಲು ಕುಚಲಕ್ಕಿ;
ಬಟ್ಟಲು ತುಂಬಿ ಬೆರಳಿನಿಂದ ನೆತ್ತಿ ಸವರುತ್ತಾಳೆ.
ಮನೆಯ ಟೇಪು ಈಗ ಅವಳ ಕೈಯಲ್ಲಿ.
ಮೊದಮೊದಲು ಜಗಳವಾಡಿದೆ. ಒಂದು ರಾತ್ರಿ
ಕದ್ದು ಅವಲಕ್ಕಿ ತಿಂದು ಡಬ್ಬಿಯ ಸದ್ದಿಗೆ ಸಿಕ್ಕಿಬಿದ್ದೆ.

ಪುಸ್ತಕದ ಕೊನೆಯ ಹಾಳೆಯಲ್ಲಿ
‘ಪಂಢರಿ ಪಿಸೆ, ಸ್ವಂತ’ ಎಂದು ಬರೆದಿದ್ದೇನೆ.
ನಲವತ್ತೆರಡು. ನಲವತ್ತೊಂದೂವರೆ. ನಲವತ್ತೊಂದು.
ಚೌತಿಯಲ್ಲಿ ಅಕ್ಕನ ಮನೆಯ ನೇವರಿ: ಮತ್ತೆ ನಲವತ್ತೊಂದೂವರೆ.
ರಬ್ಬರು ಕೈಗೆತ್ತಿಕೊಂಡು ಮತ್ತೆ ಇಟ್ಟೆ.
ಈ ವಾರ ನಲವತ್ತು.

ಹಳೆಯ ಪ್ಯಾಂಟು ಒಳಗೆ ಹಿಡಿದೆ.
ಹೊಳೆವ ಪಟ್ಟೆ ಮಡಿಕೆಯೊಳಗೆ ಹೋಯಿತು,
ಬಿಚ್ಚಿದ ಹೊಲಿಗೆಯ ತೂತುಗಳು ಹೋಗಲಿಲ್ಲ,
ಇಸ್ತ್ರಿಗೂ ಬಗ್ಗದೆ ಇರುವೆಯ ಸಾಲಿನಂತೆ ಉಳಿದವು.
ಹೆಚ್ಚಿದ ಬಟ್ಟೆ ಕತ್ತರಿಸಿಲ್ಲ. ಕತ್ತರಿಸುವುದೂ ಇಲ್ಲ.

ನಿನ್ನೆ ಭಟ್ಟರು ಬಂದರು, ಉಸಿರು ಬಿಗಿಹಿಡಿದು ನಿಂತರು.
ಮಗಳ ಪರೀಕ್ಷೆಯ ಸುದ್ದಿ ತೆಗೆಯಲಿಲ್ಲ ನಾನು.
“ಬಿಡಿ ಭಟ್ರೆ” ಎಂದೆ.
ಬಿಟ್ಟರು.
ನಲವತ್ತಮೂರು. ಇಬ್ಬರೂ ಟೇಪನ್ನೇ ನೋಡಿದೆವು.
ತುಸು ಹೊತ್ತು ಬಿಟ್ಟು, ರಸ್ತೆಯ ಕಡೆ ಮುಖ ಮಾಡಿ ಕೇಳಿದರು,
“ಆ ಸೊಪ್ಪಿನವಳು ಎಷ್ಟು ಹೊತ್ತಿಗೆ ಬರ್ತಾಳೆ?”